ಅಮೃತ್ ಕಾಸ್ಕ್ ಸ್ಟ್ರೆಂತ್: 30 ಎಂಎಲ್‌ಗೆ 7 ಎಂಎಲ್ ನೀರು

ಬೆಂಗಳೂರಿಗೆ ಹೋಗಿಬರುವ ಮಂಡ್ಯ, ಮೈಸೂರಿನವರು ಕುಂಬಳಗೋಡನ್ನು ಎಷ್ಟು ಸಲ ದಾಟಿರುತ್ತಾರೋ ಲೆಕ್ಕವಿಲ್ಲ. ಅದರ ಪಕ್ಕದ ಕಂಬೀಪುರದಲ್ಲಿ ಅಮೃತ್ ಡಿಸ್ಟಿಲರಿ ಇದೆ. ಮೈಸೂರು ರಸ್ತೆಯ ಮೇಲೆಯೇ ಇರುವುದರಿಂದ ನಮ್ಮ ಸೀಮೆಯವರು ‘ನಮ್ಮ ಕಡೆ ಸಿಂಗಲ್ ಮಾಲ್ಟ್’ ಅಂದರೆ ತಪ್ಪೇನಿಲ್ಲ. ಸಿಂಗಲ್ ಮಾಲ್ಟ್ ಅಂದರೆ ಮಾಲ್ಟ್‌ನಿಂದ, ಅಂದರೆ ಮೊಳಕೆ ಬರಿಸಿ ಒಣಗಿಸಿದ ಬಾರ್ಲಿಯಿಂದ, ಒಂದೇ ಡಿಸ್ಟಿಲರಿಯಲ್ಲಿ ಮಾಡಿದ ವಿಸ್ಕಿ. ಕಂಪನಿ 1948ರದು. ಸಿಂಗಲ್ ಮಾಲ್ಟ್ ಮಾತ್ರ 2004ರಲ್ಲಿ ಗ್ಲಾಸ್ಗೋದಲ್ಲಿ ಮೊದಲು ಮಾರಾಟಕ್ಕೆ ಹೋಯಿತು, ನಮ್ಮೂರ ಕಪಾಟಿಗೆ ಬಂದದ್ದು ವರ್ಷಗಳಾದ ಮೇಲೆ. ಕಾಸ್ಕ್ ಅಂದರೆ ವಿಸ್ಕಿ ಹದವಾಗುವ ಮರದ ಪೀಪಾಯಿ. ಅದೇ ವಿಸ್ಕಿಯನ್ನು ನೀರು ಬೆರೆಸಿ ಬಲ ಇಳಿಸದೆ ಬಾಟಲಿಗೆ ತುಂಬಿದ ರೂಪವೇ ಕಾಸ್ಕ್ ಸ್ಟ್ರೆಂತ್. ಲೇಬಲ್ ಮೇಲಿನ ಅಂಕಿ 61.8, ಅಂದರೆ ನೂರು ಪಾಲಿನಲ್ಲಿ ಅಷ್ಟು ಪಾಲು ಆಲ್ಕೋಹಾಲ್.

ತೀರ್ಪು ಮೊದಲೇ ಹೇಳಿಬಿಡುತ್ತೇವೆ: ಒಳ್ಳೆಯ ವಿಸ್ಕಿ, ಆದರೆ 61.8ರಲ್ಲಿ ಅಲ್ಲ. ಬಾಟಲಿಯಿಂದ ಬಗ್ಗಿಸಿ ಹಾಗೆಯೇ ಕುಡಿದು ‘ಬರೀ ಘಾಟು’ ಅನ್ನುವವರೂ, ಗ್ಲಾಸಿನ ತುಂಬ ಐಸ್ ಸುರಿದು ‘ಇದರಲ್ಲೇನಿದೆ’ ಅನ್ನುವವರೂ ಇದನ್ನು ಇನ್ನೂ ರುಚಿ ನೋಡಿಲ್ಲ. ಇದರ ಹದ 50ರ ಆಸುಪಾಸಿನಲ್ಲಿದೆ, ಅಲ್ಲಿಗೆ ನಾವೇ ತಂದುಕೊಳ್ಳಬೇಕು.

61.8 ಅಂದರೆ ಎಷ್ಟು

ನಮ್ಮ ಎಂಆರ್‌ಪಿ ಅಂಗಡಿಯ ವಿಸ್ಕಿ ಬಾಟಲಿಗಳ ಮೇಲೆಲ್ಲ 42.8 ಎಂಬ ವಿಚಿತ್ರ ಅಂಕಿ ಇರುತ್ತದಲ್ಲ, ಅದು ಬ್ರಿಟಿಷರ ಕಾಲದ ಪ್ರೂಫ್ ಅಳತೆಯ ಪಳೆಯುಳಿಕೆ. ಆ ಅಳತೆಯಲ್ಲಿ 100 ಡಿಗ್ರಿ ಅಂದರೆ ಶೇ. 57.1 ಆಲ್ಕೋಹಾಲ್. ಅದರ ಮುಕ್ಕಾಲು ಪಾಲು, 75 ಡಿಗ್ರಿ, ಅಂದರೆ 42.8. ಅದೇ ಕೋಲಿನಲ್ಲಿ ಅಳೆದರೆ ಈ ಬಾಟಲಿ 108 ಡಿಗ್ರಿ ದಾಟುತ್ತದೆ.

ಪೆಗ್ಗಿನ ಲೆಕ್ಕಕ್ಕೆ ಬರೋಣ. 42.8ರ 30 ಎಂಎಲ್‌ನಲ್ಲಿ ಶುದ್ಧ ಆಲ್ಕೋಹಾಲ್ 12.8 ಎಂಎಲ್. 61.8ರ 30 ಎಂಎಲ್‌ನಲ್ಲಿ 18.5. ಅಂದರೆ ಇಲ್ಲಿಯ ಒಂದು ಸಣ್ಣ ಪೆಗ್ ಅಲ್ಲಿಯ ಒಂದೂವರೆಗೆ ಹತ್ತಿರ. ದೊಡ್ಡ ಪೆಗ್ ಬಗ್ಗಿಸಿದರೆ ಒಂದು ನೈಂಟಿ ಇಳಿಸಿದಂತೆಯೇ. ಕುಡಿದು ಗಾಡಿ ಹತ್ತುವ ಮಾತು ಯಾವ ವಿಸ್ಕಿಗೂ ಬೇಡ. ಕಾನೂನಿನ ಮಿತಿ 100 ಎಂಎಲ್ ರಕ್ತದಲ್ಲಿ 30 ಮಿಲಿಗ್ರಾಂ, ಇದರ ಒಂದು ಪೆಗ್ಗೇ ತೆಳ್ಳಗಿನ ಆಳನ್ನು ಆ ಗೆರೆಗೆ ಮುಟ್ಟಿಸಬಲ್ಲದು. ಇನ್ನೊಂದು ಎಚ್ಚರಿಕೆಯನ್ನು ಯಾರೂ ಹೇಳುವುದಿಲ್ಲ: ಈ ಸಾಂದ್ರತೆಯ ಮದ್ಯದ ಆವಿ ಬೇಸಿಗೆಯ ಕೋಣೆಯ ಶಾಖದಲ್ಲೇ ಕಿಡಿ ತಗುಲಿದರೆ ಹೊತ್ತಿಕೊಳ್ಳುತ್ತದೆ. ಗ್ಯಾಸ್ ಒಲೆಯ ಪಕ್ಕ, ಉರಿಯುವ ದೀಪದ ಪಕ್ಕ ಬಗ್ಗಿಸಬೇಡಿ.

ಬಾಟಲಿ ಬದಲಾದರೂ ಅಂಕಿ ಬದಲಾಗದೆ 61.8 ಎಂದೇ ಇರುವುದರಿಂದ ಇದು ಒಂದೊಂದು ಪೀಪಾಯಿಯಿಂದ ನೇರ ಬಾಟಲಿಗೆ ಬಗ್ಗಿಸಿದ್ದಲ್ಲ ಅನ್ನುವುದು ಸ್ಪಷ್ಟ. ಎರಡು ಪೀಪಾಯಿಗಳ ಅಂಕಿ ಎಂದೂ ಒಂದೇ ಇರುವುದಿಲ್ಲ. ಹಲವನ್ನು ಕೂಡಿಸಿ ಒಂದೇ ಮಟ್ಟಕ್ಕೆ ತಂದಿದ್ದಾರೆ ಎಂದು ಊಹಿಸಬೇಕು. ಅದರಿಂದ ರುಚಿಗೆ ನಷ್ಟವಿಲ್ಲ. ಆದರೆ ಬ್ಯಾಚ್‌ನಿಂದ ಬ್ಯಾಚ್‌ಗೆ ಸಣ್ಣ ವ್ಯತ್ಯಾಸ ಇದ್ದೇ ಇರುತ್ತದೆ, ಹಾಗಾಗಿ ಇಷ್ಟವಾದ ಬಾಟಲಿಯ ಬ್ಯಾಚ್ ನಂಬರ್ ಬರೆದಿಟ್ಟುಕೊಳ್ಳುವುದು ಒಳ್ಳೆಯದು.

ವಯಸ್ಸು ಯಾಕೆ ಬರೆದಿಲ್ಲ

ಲೇಬಲ್‌ನಲ್ಲಿ ‘12 ವರ್ಷ’ ಅಂತ ಇಲ್ಲವಲ್ಲ ಎಂದು ಮೂಗು ಮುರಿಯುವವರಿಗೆ ಒಂದು ಲೆಕ್ಕ. ಪೀಪಾಯಿಯ ಮರ ಉಸಿರಾಡುತ್ತದೆ, ಒಳಗಿನದು ಆವಿಯಾಗುತ್ತದೆ. ಸ್ಕಾಟ್ಲೆಂಡಿನ ಚಳಿಯಲ್ಲಿ ವರ್ಷಕ್ಕೆ ಹೋಗುವುದು ಶೇ. 2ರಷ್ಟು. ಸಮುದ್ರಮಟ್ಟದಿಂದ 3000 ಅಡಿ ಮೇಲಿರುವ ಬೆಂಗಳೂರಿನ ಹವೆಯಲ್ಲಿ ಶೇ. 10ರಿಂದ 12. ನಡುವೆ 11 ಹಿಡಿಯಿರಿ. 200 ಲೀಟರ್ ತುಂಬಿದ ಪೀಪಾಯಿಯಲ್ಲಿ ನಾಲ್ಕು ವರ್ಷಕ್ಕೆ ಉಳಿಯುವುದು 125 ಲೀಟರ್, ಹನ್ನೆರಡು ವರ್ಷಕ್ಕೆ 49. ಸ್ಕಾಟ್ಲೆಂಡಿನಲ್ಲಾದರೆ ಹನ್ನೆರಡು ವರ್ಷದ ಮೇಲೂ 157 ಲೀಟರ್ ಇರುತ್ತದೆ. ಹೀಗೆ ಹಾರಿಹೋಗುವುದಕ್ಕೆ ವಿಸ್ಕಿಯವರು ‘ಏಂಜೆಲ್ಸ್ ಶೇರ್’, ದೇವತೆಗಳ ಪಾಲು, ಅನ್ನುತ್ತಾರೆ. ಇದೇ ಕಂಪನಿ ಹೆಚ್ಚು ಕಾಲ ಇಟ್ಟು ಹೊರತಂದ ದುಬಾರಿ ಬಾಟಲಿಗಳಿಗೆ ‘ಗ್ರೀಡಿ ಏಂಜೆಲ್ಸ್’, ಅಂದರೆ ದುರಾಸೆಯ ದೇವತೆಗಳು, ಎಂದು ಹೆಸರಿಟ್ಟದ್ದು ಈ ಆವಿಯ ನೆಪದಲ್ಲೇ.

ಬಿಸಿಲು ಮಾಡುವ ಕೆಲಸ ಇಷ್ಟೇ ಅಲ್ಲ. ಹಗಲು ಕಾದಾಗ ಮದ್ಯ ಹಿಗ್ಗಿ ಮರದೊಳಕ್ಕೆ ನುಗ್ಗುತ್ತದೆ, ರಾತ್ರಿ ತಣಿದಾಗ ಹೊರಬರುತ್ತದೆ. ಮರದ ಸತ್ವ ಬೇಗ ಇಳಿಯುತ್ತದೆ, ಅದರ ಜೊತೆ ಒಗರೂ ಬೇಗ ಇಳಿಯುತ್ತದೆ. ಒಣ ಹವೆಯಲ್ಲಿ ಆಲ್ಕೋಹಾಲ್‌ಗಿಂತ ನೀರೇ ಹೆಚ್ಚು ಹಾರಿಹೋಗುವುದರಿಂದ ಅಂಕಿ ಸುಲಭಕ್ಕೆ ಕೆಳಗಿಳಿಯುವುದಿಲ್ಲ. ತಂಪು, ತೇವದ ಸ್ಕಾಟ್ಲೆಂಡಿನಲ್ಲಿ ಉಲ್ಟಾ, ವರ್ಷ ಕಳೆದಂತೆ ಬಲ ಇಳಿಯುತ್ತದೆ. 61.8 ಎಂಬ ದೊಡ್ಡ ಅಂಕಿಯ ಹಿಂದೆ ಡಿಸ್ಟಿಲರಿಯ ಹಟಕ್ಕಿಂತ ಹೆಚ್ಚಾಗಿ ಈ ನೆಲದ ಹವೆಯ ಪಾಲಿದೆ.

ಗ್ಲಾಸು, ಶಾಖ, ನೀರು

ಗ್ಲಾಸು ಹೊಟ್ಟೆ ಅಗಲವಾಗಿ ಬಾಯಿ ಕಿರಿದಾಗಿರಬೇಕು. ಗ್ಲೆನ್‌ಕೇರ್ನ್ ಇದ್ದರೆ ಸರಿ, ಇಲ್ಲದಿದ್ದರೆ ಸಣ್ಣ ವೈನ್ ಗ್ಲಾಸು ಸಾಕು. ಬಾರ್‌ಗಳಲ್ಲಿ ಕೊಡುವ ನೆಟ್ಟಗಿನ ಅಗಲ ಬಾಯಿಯ ಗ್ಲಾಸಿನಲ್ಲಿ ವಾಸನೆ ನಿಲ್ಲುವುದಿಲ್ಲ. ಸ್ಟೀಲ್ ಲೋಟ ಬೇಡವೇ ಬೇಡ. ರುಚಿ ನೋಡಲು 15 ಎಂಎಲ್ ಸಾಕು, ಲೆಕ್ಕಕ್ಕೆ ಸುಲಭವೆಂದು ಇಲ್ಲಿ 30 ಹಿಡಿದಿದ್ದೇವೆ.

ಮೈಸೂರಿನ ಡಿಸೆಂಬರ್ ರಾತ್ರಿಗೂ ಏಪ್ರಿಲ್ ಮಧ್ಯಾಹ್ನಕ್ಕೂ ಇದೇ ವಿಸ್ಕಿ ಎರಡು ಬಗೆಯಾಗಿ ಕಾಣುತ್ತದೆ. 20 ಡಿಗ್ರಿ ಆಸುಪಾಸಿನಲ್ಲಿ ವಾಸನೆಗಳು ಒಂದೊಂದಾಗಿ ಬರುತ್ತವೆ. 32-33 ದಾಟಿದರೆ ಆಲ್ಕೋಹಾಲ್ ಆವಿಯೇ ಮುಂದೆ ನುಗ್ಗಿ ಮಿಕ್ಕದ್ದನ್ನು ಮುಚ್ಚುತ್ತದೆ. ಬೇಸಿಗೆಯಲ್ಲಿ ಗ್ಲಾಸನ್ನು ಮಡಕೆಯ ತಣ್ಣೀರು ತುಂಬಿದ ಬಟ್ಟಲಲ್ಲಿ ಐದು ನಿಮಿಷ ನಿಲ್ಲಿಸಿ. ಗ್ಲಾಸಿನ ಒಳಗೆ ಐಸ್ ಹಾಕುವುದು ಬೇರೆ ವಿಷಯ, ಅದರ ಮಾತು ಮುಂದಿದೆ.

ಕೋಣೆಯ ವಾಸನೆಯನ್ನೂ ನೋಡಿಕೊಳ್ಳಬೇಕು. ಅಗರಬತ್ತಿಯ ಊರು ನಮ್ಮದು, ಬೆಳಿಗ್ಗೆ ಹಚ್ಚಿದ್ದು ಸಂಜೆವರೆಗೂ ಪರದೆಯಲ್ಲಿ ಕೂತಿರುತ್ತದೆ. ಹತ್ತಿರದಲ್ಲಿ ಮಲ್ಲಿಗೆ ದಂಡೆ ಇದ್ದರಂತೂ ಮೂಗು ಬೇರೆ ಏನನ್ನೂ ಹಿಡಿಯುವುದಿಲ್ಲ. ವೀಳ್ಯ ಹಾಕಿಕೊಂಡ ಬಾಯಿ, ಫಿಲ್ಟರ್ ಕಾಫಿ ಕುಡಿದ ಬಾಯಿ ಕನಿಷ್ಠ ಒಂದು ಗಂಟೆ ಕಾಯಲಿ.

ಇನ್ನು ನೀರು. ಈ ಬಾಟಲಿಯ ಅರ್ಧ ವಿಷಯ ಇಲ್ಲೇ ಇದೆ.

ಬಲ ಇಳಿಸಲು ನಲ್ಲಿಯಲ್ಲಿ ಬರುವ ಕಾವೇರಿ, ಕಬಿನಿ ನೀರು ಸಾಕು, ಆದರೆ ಕ್ಲೋರಿನ್ ಇರುತ್ತದೆ. ವಿಸ್ಕಿಯಲ್ಲಿರುವ ಫೀನಾಲ್ ಜಾತಿಯ ವಾಸನೆಗಳಿಗೆ ಕ್ಲೋರಿನ್ ಸೇರಿದರೆ ಆಸ್ಪತ್ರೆಯ ವಾಸನೆ ಹುಟ್ಟುತ್ತದೆ, ಆಮೇಲೆ ಜನ ವಿಸ್ಕಿಯನ್ನು ಬೈಯುತ್ತಾರೆ. ಅಗಲ ಬಾಯಿಯ ಪಾತ್ರೆಯಲ್ಲಿ ರಾತ್ರಿಯಿಡೀ ಬಿಟ್ಟರೆ, ಅಥವಾ ಕುದಿಸಿ ಆರಿಸಿದರೆ ಕ್ಲೋರಿನ್ ಹೋಗುತ್ತದೆ. ಮಂಡ್ಯ ಸುತ್ತಿನ ಬೋರ್‌ವೆಲ್ ನೀರು ಬೇಡ. ಗಡಸು ನೀರಿನ ಉಪ್ಪು ನಾಲಿಗೆಗೆ ಸಿಗುತ್ತದೆ, ಹೊರಪದರದ ಸಿಹಿ ಸಪ್ಪೆಯಾಗುತ್ತದೆ. ಮನೆಯ ಆರ್‌ಒ ನೀರು ಅಥವಾ ಬಾಟಲಿ ನೀರು ಅತ್ಯಂತ ಸುರಕ್ಷಿತ. ಸೋಡಾ ಈ ಪರೀಕ್ಷೆಗೆ ಸಲ್ಲದು, ಗುಳ್ಳೆಯ ಹುಳಿ ಮರದ ಒಗರನ್ನು ಎತ್ತಿ ಕೊಡುತ್ತದೆ.

ಅಳತೆಗೆ ಮೆಡಿಕಲ್ ಶಾಪಿನಲ್ಲಿ ಸಿಗುವ 10 ಎಂಎಲ್ ಸಿರಿಂಜ್ ತನ್ನಿ, ಸೂಜಿ ಬೇಡ. ಮಕ್ಕಳ ಸಿರಪ್ ಜೊತೆ ಬರುವ ಗೆರೆ ಹಾಕಿದ ಮುಚ್ಚಳವೂ ನಡೆಯುತ್ತದೆ. 61.8ರ 30 ಎಂಎಲ್‌ಗೆ 2.5 ಎಂಎಲ್ ನೀರು ಹಾಕಿದರೆ 57 ಆಗುತ್ತದೆ. 7 ಹಾಕಿದರೆ 50. 10ಕ್ಕೆ ಚೂರು ಹೆಚ್ಚು ಹಾಕಿದರೆ 46. 13 ಹಾಕಿದರೆ ನಮಗೆ ರೂಢಿಯಾದ 42.8ರ ಹತ್ತಿರ. 16 ದಾಟಿದರೆ 40. ಬೇರೆ ಬಾಟಲಿಗೂ ಲೆಕ್ಕ ಇದೇ: ಮದ್ಯದ ಅಳತೆಯನ್ನು ಅದರ ಶೇಕಡಾದಿಂದ ಗುಣಿಸಿ, ಬೇಕಾದ ಶೇಕಡಾದಿಂದ ಭಾಗಿಸಿ, ಬಂದದ್ದರಲ್ಲಿ ಮೊದಲಿನ ಅಳತೆ ಕಳೆಯಿರಿ. ಮದ್ಯ, ನೀರು ಬೆರೆತಾಗ ಗಾತ್ರ ಕೂದಲೆಳೆಯಷ್ಟು ಕುಗ್ಗುತ್ತದೆ, ಗ್ಲಾಸಿನ ಮಟ್ಟಿಗೆ ಅದನ್ನು ಮರೆಯಬಹುದು.

ಒಂದೇ ಸಲ ಸುರಿಯಬೇಡಿ. ನೀರು, ಆಲ್ಕೋಹಾಲ್ ಸೇರಿದಾಗ ಸ್ವಲ್ಪ ಶಾಖ ಹುಟ್ಟುತ್ತದೆ, ಆ ಕ್ಷಣ ವಾಸನೆ ಎರ‍್ರಾಬಿರ‍್ರಿಯಾಗಿ ಏಳುತ್ತದೆ. ಪ್ರತಿ ಸಲ ನೀರು ಹಾಕಿ ಮೂರು ನಾಲ್ಕು ನಿಮಿಷ ಬಿಟ್ಟು ಮೂಗು ಹತ್ತಿರ ತನ್ನಿ.

ನೀರು ಯಾಕೆ ವಾಸನೆಯನ್ನು ಬಿಡಿಸುತ್ತದೆ ಎಂಬುದಕ್ಕೆ ಸ್ವೀಡನ್ನಿನ ಲಿನೇಯಸ್ ವಿಶ್ವವಿದ್ಯಾಲಯದ ಇಬ್ಬರು ರಸಾಯನ ವಿಜ್ಞಾನಿಗಳು 2017ರಲ್ಲಿ ಕಂಪ್ಯೂಟರ್ ಮಾದರಿಯೊಂದನ್ನು ಮಾಡಿ ತೋರಿಸಿದರು. ಅವರು ಹಿಡಿದದ್ದು ಗ್ವಾಯಾಕಾಲ್ ಎಂಬ, ಹೊಗೆ ಮತ್ತು ಸುಟ್ಟ ಮರದ ವಾಸನೆಯ ಅಣುವನ್ನು. ಆಲ್ಕೋಹಾಲ್ ಶೇ. 59 ದಾಟಿದರೆ ಅದರ ಅಣುಗಳು ಗ್ವಾಯಾಕಾಲ್ ಅನ್ನು ಸುತ್ತುವರಿದು ದ್ರವದ ಒಳಗೇ ಇಟ್ಟುಕೊಳ್ಳುತ್ತವೆ. 45 ಮತ್ತು ಅದಕ್ಕಿಂತ ಕೆಳಗೆ ಅದು ಮೇಲ್ಮೈಗೆ, ಅಂದರೆ ಮೂಗಿನ ಕಡೆಗೆ ಬರುತ್ತದೆ. 61.8 ಆ 59ರ ಗೆರೆಗಿಂತ ಮೇಲಿದೆ ಅನ್ನುವುದನ್ನು ಗಮನಿಸಿ. ನೀರು ಹಾಕದವರು ಕೊಟ್ಟ ದುಡ್ಡಿನ ಒಂದು ಪಾಲನ್ನು ಗ್ಲಾಸಿನ ತಳದಲ್ಲೇ ಬಿಡುತ್ತಿದ್ದಾರೆ.

ಮೂಗಿಗೆ, ಬಾಯಿಗೆ

ಬಗ್ಗಿಸಿದ ಮೇಲೆ ಹತ್ತು ಹದಿನೈದು ನಿಮಿಷ ಮುಟ್ಟಬೇಡಿ. ಗ್ಲಾಸನ್ನು ಗಲ್ಲದ ಬಳಿ ಹಿಡಿದು, ಬಾಯಿ ಅರೆ ತೆರೆದು, ಮೆಲ್ಲಗೆ ಮೂಗಿನತ್ತ ತನ್ನಿ. ಮೂಗನ್ನೇ ಗ್ಲಾಸಿಗೆ ತುರುಕಿ ಜೋರಾಗಿ ಎಳೆದರೆ ಮುಂದಿನ ಐದು ನಿಮಿಷ ಮೂಗು ಮರಗಟ್ಟಿರುತ್ತದೆ. ಬಾಯಿಗೆ ಮೊದಲ ಗುಟುಕು ಅರ್ಧ ಚಮಚದಷ್ಟಿರಲಿ. ಅದು ನಾಲಿಗೆಯನ್ನು ಒಗ್ಗಿಸಲಿಕ್ಕೆ, ತೀರ್ಪಿಗಲ್ಲ. ರುಚಿ ಸಿಗುವುದು ಎರಡನೆಯ ಗುಟುಕಿನಲ್ಲಿ. ಬೇರೆ ವಿಸ್ಕಿಗಳ ಜೊತೆ ಹೋಲಿಸುವುದಿದ್ದರೆ ಇದನ್ನು ಕೊನೆಗಿಡಿ, ಮೊದಲೇ ಕುಡಿದರೆ ಮಿಕ್ಕವೆಲ್ಲ ನೀರಿನಂತಿರುತ್ತವೆ.

61.8ರಲ್ಲಿ: ಬಣ್ಣ ಕಡು ಹೊಂಬಣ್ಣ. ಮೂಗಿಗೆ ಮೊದಲು ಘಾಟು, ಅದರ ಹಿಂದೆ ಕಾಯಿಸಿದ ಸಕ್ಕರೆ, ವೆನಿಲಾ, ಪಾಲಿಶ್ ಹಾಕಿದ ಮರ. ಬಾಯಲ್ಲಿ ದಪ್ಪನೆಯ ಎಣ್ಣೆಯಂಥ ಮೈ. ಇದು ನಿಜಕ್ಕೂ ಚೆಂದ, 42.8ರ ಬಾಟಲಿಗಳಲ್ಲಿ ಸಿಗದ್ದು. ಆಮೇಲೆ ಕರಿಮೆಣಸಿನ ಖಾರ ಏರಿ ನಾಲಿಗೆಯ ತುದಿ ಜೋಮು ಹಿಡಿಯುತ್ತದೆ. ಅಲ್ಲಿಂದಾಚೆ ಏನೂ ತಿಳಿಯುವುದಿಲ್ಲ.

57ಕ್ಕೆ ಇಳಿಸಿದಾಗ ಘಾಟು ಒಂದು ಹೆಜ್ಜೆ ಹಿಂದೆ ಸರಿಯುತ್ತದೆ. ಮೊಳಕೆ ಕಟ್ಟಿ ಒಣಗಿಸಿದ ಧಾನ್ಯದ ವಾಸನೆ ಬರುತ್ತದೆ, ಮಗುವಿಗೆ ರಾಗಿ ಹುರಿಹಿಟ್ಟು ಮಾಡುವ ಮನೆಯವರಿಗೆ ತಕ್ಷಣ ಗುರುತು ಸಿಗುತ್ತದೆ. ಕಿತ್ತಳೆ ಸಿಪ್ಪೆಯ ಸುಳಿವೂ ಇದೆ. ಹೆಚ್ಚೇನಿಲ್ಲ.

50ರಲ್ಲಿ ಎಲ್ಲವೂ ಬಿಚ್ಚಿಕೊಳ್ಳುತ್ತದೆ. ಜೇನು, ಚುಕ್ಕೆ ಬಿದ್ದ ಬಾಳೆಹಣ್ಣು, ಒಣ ಕೊಬ್ಬರಿ, ಪಾಕ ಬರುವ ಹೊತ್ತಿನ ಆಲೆಮನೆಯ ಸಿಹಿ. ಬಾಯಲ್ಲಿ ಮೊದಲು ಮಾಲ್ಟಿನ ಸಿಹಿ, ನಡುವೆ ದಾಲ್ಚಿನ್ನಿ, ಒಣಶುಂಠಿ, ಕೊನೆಗೆ ಮೆಣಸು. ಮೆಣಸು ಈಗ ಸುಡುವುದಿಲ್ಲ, ಬೆಚ್ಚಗಾಗಿಸುತ್ತದೆ. ನುಂಗಿದ ಮೇಲೆ ಒಗರು ಬಾಯಿಯ ಅಂಚಿಗೆ ಬಂದು ನಿಲ್ಲುತ್ತದೆ, ಅದರೊಳಗೆ ಸಿಹಿ ಬಹಳ ಹೊತ್ತು ಉಳಿಯುತ್ತದೆ. ಇಲ್ಲಿ ಸಕ್ಕರೆ ಒಂದು ಹರಳೂ ಇಲ್ಲ ಎಂಬುದನ್ನು ನೆನಪಿಡಬೇಕು. ವೆನಿಲಾ ಬರುವುದು ಓಕ್ ಮರದ ಲಿಗ್ನಿನ್ ಒಡೆದು, ಕೊಬ್ಬರಿಯ ವಾಸನೆ ಅದೇ ಮರದ ಲ್ಯಾಕ್ಟೋನ್‌ಗಳಿಂದ, ಕಾಯಿಸಿದ ಸಕ್ಕರೆಯದು ಪೀಪಾಯಿಯ ಒಳಮೈಯನ್ನು ಬೆಂಕಿಗೆ ಹಿಡಿದಾಗ ಮರದ ಹೆಮಿಸೆಲ್ಯುಲೋಸ್ ಕಂದಿದ್ದರಿಂದ.

46ರಲ್ಲಿ ಕಿತ್ತಳೆ, ಧಾನ್ಯ ಮುಂದೆ ಬರುತ್ತವೆ, ಮೆಣಸು ತಣ್ಣಗಾಗುತ್ತದೆ. ಊಟಕ್ಕೆ ಮುಂಚೆ ಕುಡಿಯುವವರಿಗೆ ಇದೇ ಹಿತ ಅನಿಸಬಹುದು. 42.8ಕ್ಕೆ ತಂದರೆ ಮೈ ತೆಳುವಾಗುತ್ತದೆ, ಆದರೆ ಮರದ ಒಗರು ಇಳಿಯುವುದಿಲ್ಲ. ಸಿಹಿಯ ಹೊದಿಕೆ ಸರಿದು ಕಹಿ ಮೇಲೆ ಕಾಣುತ್ತದೆ. ಈ ವಿಸ್ಕಿಯ ನಿಜವಾದ ಕೊರತೆ ಇದೇ: ಮರ ಚೂರು ಹೆಚ್ಚಾಗಿದೆ. ಬಿಸಿ ನಾಡಿನ ಪೀಪಾಯಿ ಅಷ್ಟು ಬೇಗ ಕೊಟ್ಟದ್ದಕ್ಕೆ ತೆಗೆದುಕೊಂಡ ಬೆಲೆ. ನಯವಾದ, ಹೂವಿನಂಥ ವಿಸ್ಕಿ ಬಯಸುವವರಿಗೆ ಇದು ಒರಟು ಎನಿಸಿದರೆ ಅವರ ತಪ್ಪಲ್ಲ.

ಮುಸುಕಿನ ಜೋಳದ ಪಾಲು

ಇದು ಬಾರ್ಲಿ ವಿಸ್ಕಿ, ಬಾರ್ಲಿ ಉತ್ತರ ಭಾರತದ್ದು. ಆದರೂ 50ರಲ್ಲಿ ಸಿಗುವ ವೆನಿಲಾ, ಕೊಬ್ಬರಿಯ ಹಿಂದೆ ಮುಸುಕಿನ ಜೋಳದ ಕೈವಾಡವಿದೆ. ಇದನ್ನಿಡುವ ಪೀಪಾಯಿಗಳಲ್ಲಿ ಅಮೆರಿಕದ ಬರ್ಬನ್ ತುಂಬಿ ಖಾಲಿ ಮಾಡಿದವೂ ಇವೆ. ಬರ್ಬನ್ ಎನಿಸಿಕೊಳ್ಳಲು ಧಾನ್ಯದಲ್ಲಿ ಕನಿಷ್ಠ ಶೇ. 51 ಮುಸುಕಿನ ಜೋಳ ಇರಬೇಕು, ಸುಟ್ಟ ಹೊಸ ಓಕ್ ಪೀಪಾಯಿಯಲ್ಲಿ ಇಡಬೇಕು ಎಂದು ಅಲ್ಲಿನ ಕಾನೂನು. ‘ಕಾರ್ನ್ ವಿಸ್ಕಿ’ ಎಂದು ಬರೆಯಬೇಕಾದರೆ ಜೋಳ ಶೇ. 80 ಇರಬೇಕು. ಅದಕ್ಕೆ ಪೀಪಾಯಿ ಕಡ್ಡಾಯವಲ್ಲ, ಇಟ್ಟರೆ ಹಳೆಯ ಅಥವಾ ಸುಡದ ಪೀಪಾಯಿಯೇ ಆಗಬೇಕು, ತುಂಬುವಾಗ ಬಲ ಶೇ. 62.5 ಮೀರಬಾರದು.

ಹುಣಸೂರು, ಪಿರಿಯಾಪಟ್ಟಣ, ಎಚ್.ಡಿ. ಕೋಟೆ ಕಡೆ ಇಷ್ಟು ಮುಸುಕಿನ ಜೋಳ ಬೆಳೆಯುವಾಗ ಇಲ್ಲೇ ಯಾಕೆ ಅದರ ವಿಸ್ಕಿ ಮಾಡಬಾರದು ಎಂಬ ಪ್ರಶ್ನೆ ಹುಟ್ಟುವುದು ಸಹಜ. ಮಾಡಲಾಗದ ಕೆಲಸವೇನಲ್ಲ, ಆದರೆ ಬಾರ್ಲಿಯಷ್ಟು ಸಲೀಸಲ್ಲ. ಮೊಳಕೆ ಬಂದ ಬಾರ್ಲಿಯ ಪಿಷ್ಟ 63-65 ಡಿಗ್ರಿ ಬಿಸಿನೀರಿನಲ್ಲಿ ತನ್ನದೇ ಕಿಣ್ವಗಳಿಂದ ಸಕ್ಕರೆಯಾಗುತ್ತದೆ. ಜೋಳದ ಪಿಷ್ಟ ಬಿಗಿ. ನುಚ್ಚು ಒಡೆಸಿ 85-95 ಡಿಗ್ರಿಯಲ್ಲಿ ಗಂಜಿಯಂತೆ ಬೇಯಿಸಿ, ಆಮೇಲೆ 65ಕ್ಕೆ ಆರಿಸಿ ಬಾರ್ಲಿ ಮಾಲ್ಟ್ ಅಥವಾ ಹೊರಗಿನ ಕಿಣ್ವ ಸೇರಿಸಬೇಕು. ಆರಿಸುವ ಮುನ್ನವೇ ಮಾಲ್ಟ್ ಸೇರಿಸಿದರೆ ಕಿಣ್ವ ಸತ್ತು ಸಕ್ಕರೆಯೇ ಆಗುವುದಿಲ್ಲ. ಕಲಕದೆ ಬಿಟ್ಟರೆ ಗಂಜಿ ತಳಹಿಡಿಯುತ್ತದೆ, ಆ ಸೀದ ವಾಸನೆ ಭಟ್ಟಿಯಲ್ಲಿಯೂ ಹೋಗುವುದಿಲ್ಲ. ಜೋಳದಲ್ಲಿ ಎಣ್ಣೆಯ ಅಂಶವೂ ಹೆಚ್ಚು, ಕಾರ್ನ್ ವಿಸ್ಕಿಯ ಬೆಣ್ಣೆಯಂಥ ಮೈ ಅದರಿಂದಲೇ. ಮನೆಯಲ್ಲಿ ಪ್ರಯೋಗ ಮಾಡುವ ಆಸೆ ಬೇಡ, ಪರವಾನಗಿ ಇಲ್ಲದ ಭಟ್ಟಿ ಅಪರಾಧ. ಯಾರಾದರೂ ಪರವಾನಗಿ ಪಡೆದು ಇಲ್ಲಿನ ಜೋಳದ ಕಾಸ್ಕ್ ಸ್ಟ್ರೆಂತ್ ತಂದರೆ ಮೇಲಿನ ನೀರಿನ ಲೆಕ್ಕ ಅದಕ್ಕೂ ಹಾಗೆಯೇ ಸಲ್ಲುತ್ತದೆ. ಆದರೆ ಜೋಳದ ಸಿಹಿ ಮರದ ಒಗರನ್ನು ತಡೆದುಕೊಳ್ಳುವುದರಿಂದ ನೀರು ಒಂದೆರಡು ಎಂಎಲ್ ಹೆಚ್ಚಾದರೂ ಅದು ಇಷ್ಟು ಬೇಗ ಕೆಡಲಾರದು.

ಮಂಡ್ಯದವರು ಕೇಳುವ ಇನ್ನೊಂದು ಮಾತು ಬೆಲ್ಲದ್ದು. ಕಬ್ಬಿನ ಸೀಮೆಯ ರುಚಿಯೇ ಬೇಕೆಂದರೆ ವಿಸ್ಕಿಯಲ್ಲಿ ಹುಡುಕುವ ಬದಲು ಇದೇ ಕಂಪನಿಯ ‘ಟೂ ಇಂಡೀಸ್’ ರಮ್ ನೋಡಿ. ಕೆರಿಬಿಯನ್ ರಮ್ ಜೊತೆ ಭಾರತದ ಬೆಲ್ಲದ ರಮ್ ಸೇರಿಸಿದ್ದಾರೆ. 42.8ರದು, ಸಿರಿಂಜ್ ಬೇಕಿಲ್ಲ.

ನೆಂಚಿಕೊಳ್ಳಲು

ಬಾರ್‌ನ ಅಭ್ಯಾಸದಂತೆ ಖಾರದ ಚಾಪ್ಸ್, ಪೆಪ್ಪರ್ ಡ್ರೈ ತರಿಸಿದರೆ ಈ ವಿಸ್ಕಿ ಬಾಯಿ ಸುಡುತ್ತದೆ. ಮೆಣಸಿನಕಾಯಿಯ ಕ್ಯಾಪ್ಸೈಸಿನ್ ಮುಟ್ಟುವ ನರದ ಗ್ರಾಹಿಯನ್ನೇ ಆಲ್ಕೋಹಾಲ್ ಕೂಡ ಕೆರಳಿಸುತ್ತದೆ, ಎರಡೂ ಸೇರಿದರೆ ಉರಿ ದುಪ್ಪಟ್ಟು. ಬನ್ನೂರು ಕುರಿಯ ಮಾಂಸವನ್ನು ಖಾರ ಕಡಿಮೆ ಹಾಕಿ, ಕೊಬ್ಬಿನ ತುಂಡು ಬಿಡದೆ ಹುರಿದರೆ 50ರ ಗ್ಲಾಸಿಗೆ ಸೊಗಸಾಗಿ ಹೊಂದುತ್ತದೆ. ಕೊಬ್ಬು ಒಗರನ್ನು ನುಂಗಿಬಿಡುತ್ತದೆ. ಮದ್ದೂರು ವಡೆಯೂ ನಡೆಯುತ್ತದೆ, ಚಟ್ನಿ ಬಿಟ್ಟು. ಉಪ್ಪು ಹಾಕದೆ ಹುರಿದ ಕಡಲೆಕಾಯಿ ಯಾವಾಗಲೂ ಸರಿ. ಮೈಸೂರು ಪಾಕ್ ಬೇಡ, ಅಷ್ಟು ಸಿಹಿಯ ಮೇಲೆ ವಿಸ್ಕಿ ಬರೀ ಕಹಿ. ಅಚ್ಚರಿಯ ಜೋಡಿ ಅಂದರೆ ನಂಜನಗೂಡು ರಸಬಾಳೆ. ಹಣ್ಣಿನ ವಾಸನೆಯೂ ಗ್ಲಾಸಿನಲ್ಲಿರುವ ಬಾಳೆಯ ವಾಸನೆಯೂ ಎಸ್ಟರ್ ಎಂಬ ಜಾತಿಯ ಅಣುಗಳದ್ದೇ, ಒಂದನ್ನೊಂದು ಎತ್ತಿಹಿಡಿಯುತ್ತವೆ. ಅಸಲಿ ರಸಬಾಳೆ ಸಿಕ್ಕಾಗ ಮಾತ್ರ ಈ ಮಾತು.

ಮಂಜು, ಕಾರ್ಕು, ಬೆಲೆ

ಐಸ್ ಹಾಕಿದಾಗ ಅಥವಾ ನೀರು ಹೆಚ್ಚಾದಾಗ ಗ್ಲಾಸು ಮಂಜು ಕವಿದಂತೆ ಮಬ್ಬಾದರೆ ನಕಲಿ ಎಂದು ಗಾಬರಿ ಬೀಳಬೇಡಿ. ಬಹುತೇಕ ಕಂಪನಿಗಳು ವಿಸ್ಕಿಯನ್ನು ತಣ್ಣಗೆ ಮಾಡಿ ಸೋಸಿ ಕೊಬ್ಬಿನಾಮ್ಲದ ಎಸ್ಟರ್‌ಗಳನ್ನು ತೆಗೆಯುತ್ತವೆ. ಇದರಲ್ಲಿ ಹಾಗೆ ಸೋಸಿಲ್ಲ, ಬಣ್ಣವನ್ನೂ ಬೆರೆಸಿಲ್ಲ. ಬಲ 46ಕ್ಕಿಂತ ಕೆಳಗಿಳಿದು ತಣ್ಣಗಾದರೆ ಆ ಎಸ್ಟರ್‌ಗಳು ಕರಗಿರಲಾರದೆ ತೇಲುತ್ತವೆ. ಬಾಯಿಗೆ ಎಣ್ಣೆಯಂಥ ಮೈ ಕೊಡುವುದೂ ಅವೇ. ಐಸ್ ಬೇಡ ಅನ್ನುವುದಕ್ಕೆ ಕಾರಣ ಮಬ್ಬಲ್ಲ. ಚಳಿಗೆ ವಾಸನೆ ಮುಚ್ಚುತ್ತದೆ, ಐಸ್ ಕರಗುತ್ತ ಹೋದಂತೆ ಬಲ ಎಲ್ಲಿಗಿಳಿಯಿತು ಅನ್ನುವುದೇ ತಿಳಿಯದೆ ಹದ ಕೈತಪ್ಪುತ್ತದೆ.

ಬಾಟಲಿಯನ್ನು ನೆಟ್ಟಗೆ ನಿಲ್ಲಿಸಿಡಿ. ವೈನ್‌ನಂತೆ ಮಲಗಿಸಿದರೆ ಇಷ್ಟು ಬಲದ ಮದ್ಯ ಕಾರ್ಕನ್ನು ತಿಂದು ಚೂರು ಮಾಡುತ್ತದೆ. ಚೂರು ಬಿದ್ದಿದ್ದರೆ ಕಾಫಿ ಫಿಲ್ಟರ್ ಪೇಪರಿನಲ್ಲಿ ಸೋಸಿಕೊಳ್ಳಬಹುದು, ರುಚಿ ಕೆಟ್ಟಿರುವುದಿಲ್ಲ. ಬಿಸಿಲು ಬೀಳುವ ಷೋಕೇಸು ಬೇಡ, ಬಟ್ಟೆಯ ಬೀರು ಉತ್ತಮ. ಮೂರನೇ ಒಂದು ಪಾಲಿಗೆ ಇಳಿದ ಮೇಲೆ ಉಳಿದದ್ದನ್ನು ಸಣ್ಣ ಗಾಜಿನ ಬಾಟಲಿಗೆ ಕತ್ತಿನವರೆಗೆ ತುಂಬಿ. ಖಾಲಿ ಜಾಗದ ಗಾಳಿ ತಿಂಗಳುಗಳಲ್ಲಿ ಹಣ್ಣಿನ ವಾಸನೆಯನ್ನು ಮೊದಲು ಕೊಲ್ಲುತ್ತದೆ. ಪ್ಲಾಸ್ಟಿಕ್ ಬಾಟಲಿಗೆ ಹಾಕಿಡಬೇಡಿ.

ಮೈಸೂರಿನ ಸಾಮಾನ್ಯ ಅಂಗಡಿಗಳಲ್ಲಿ ಹುಡುಕಿ ಸುಸ್ತಾಗುವ ಬದಲು ವಿದೇಶದಿಂದ ಬರುವವರ ಕೈಲಿ ಡ್ಯೂಟಿ ಫ್ರೀಯಿಂದ ತರಿಸುವುದು ಸುಲಭದ ದಾರಿ. ವಿಮಾನದ ಚೆಕ್-ಇನ್ ಲಗೇಜಿನಲ್ಲಿ ಶೇ. 70ರವರೆಗಿನ ಮದ್ಯಕ್ಕೆ ಅವಕಾಶ ಇರುವುದರಿಂದ 61.8ಕ್ಕೆ ತೊಂದರೆಯಿಲ್ಲ. ‘ಪೀಟೆಡ್ ಕಾಸ್ಕ್ ಸ್ಟ್ರೆಂತ್’ ಎಂಬ ಇನ್ನೊಂದಿದೆ, 62.8ರದು, ಹೊಗೆಯ ವಾಸನೆಯದು. ಹೇಳಿ ಕಳಿಸುವಾಗ ಪೂರ್ತಿ ಹೆಸರು ಬರೆದುಕೊಡದಿದ್ದರೆ ಅದು ಬರುತ್ತದೆ.

ಬೆಲೆ ನೋಡುವಾಗ ಬಾಟಲಿಗೆ ಬಾಟಲಿ ಹೋಲಿಸಬೇಡಿ. 750 ಎಂಎಲ್‌ನ ಈ ಬಾಟಲಿಯನ್ನು 46ಕ್ಕೆ ಇಳಿಸಿದರೆ ಒಂದು ಲೀಟರ್ ಚಿಲ್ಲರೆ ಆಗುತ್ತದೆ. 700ರ ಬಾಟಲಿಯಾದರೆ 940 ಎಂಎಲ್. ಅಂದರೆ 46ರ ಮಾಮೂಲಿ ಅಮೃತ್ ಸಿಂಗಲ್ ಮಾಲ್ಟ್‌ಗಿಂತ ಮೂರನೇ ಒಂದು ಪಾಲು ದುಬಾರಿಯಿದ್ದರೂ ನಷ್ಟವಿಲ್ಲ, ಅದಕ್ಕಿಂತ ಮೇಲೆ ಕೊಟ್ಟರೆ 50ರ ಹದಕ್ಕೆ, ಆ ಎಣ್ಣೆಯ ಮೈಗೆ ಕೊಟ್ಟಂತೆ. ಒಂದೂವರೆ ಪಟ್ಟಿನವರೆಗೆ ಕೊಡಬಹುದು ಎಂಬುದು ನಮ್ಮ ಅಭಿಪ್ರಾಯ. ಎರಡು ಪಟ್ಟು ಕೇಳಿದರೆ ಬಿಟ್ಟುಬಿಡಿ. ಅಳೆಯುವ ತಾಳ್ಮೆ ಇಲ್ಲದವರಿಗೆ ಅದೇ ಮನೆಯ ‘ಫ್ಯೂಷನ್’ ಇದೆ. ಇಲ್ಲಿನ ಬಾರ್ಲಿಗೆ ಸ್ಕಾಟ್ಲೆಂಡಿನ ಹೊಗೆ ಹಿಡಿಸಿದ ಬಾರ್ಲಿ ಸೇರಿಸಿ, ಬಾಟಲಿಗೆ ತುಂಬುವಾಗಲೇ 50ಕ್ಕೆ ತಂದಿರುತ್ತಾರೆ. ಹೊಗೆ ಆಗದವರು ಮಾತ್ರ ಸಿರಿಂಜ್ ತರಬೇಕು.